ಹದಿನೆಂಟರ ಸಂಜೆಯೊಳಗೆ ಉತ್ತರಿಸಿ

ಮಾರ್ಚ್ ೪, ಸೋಮವಾರ

ಹಾರಾಟದ ಲಾಗ್‌ಬುಕ್ಕಿನಲ್ಲಿ ಷರಾ ಬರೆಯಲು ಇರುವ ಜಾಗ ಎರಡು ಬೆರಳಗಲ. ಅದರಲ್ಲಿ ‘ಅಡ್ಡಗಾಳಿ, ಮೂರು ಇಳಿತ’ ಎಂದು ಬರೆಯಬಹುದೇ ಹೊರತು ‘ಮನೆಯವರೆಲ್ಲ ಸೇರಿ ತಲೆ ತಿಂದರು’ ಎಂದು ಬರೆಯಲಾಗುವುದಿಲ್ಲ. ಅದಕ್ಕೇ ಈ ನೋಟ್‌ಬುಕ್ಕು. ಮಗಳ ಶಾಲೆಗೆಂದು ತಂದದ್ದು. ಗೆರೆಗಳ ನಡುವೆ ಜಾಗ ಜಾಸ್ತಿಯಾಯಿತೆಂದು ಟೀಚರ್ ವಾಪಸು ಕಳಿಸಿದ್ದರು.

ಎರಡು ವರ್ಷ ಒಂದೇ ಒಂದು ವಿಮಾನ ಕಂಪನಿಯೂ ನನ್ನ ಅರ್ಜಿಗೆ ಕ್ಯಾರೇ ಎನ್ನಲಿಲ್ಲ. ಇವತ್ತು ಬೆಳಿಗ್ಗೆ ಎರಡು ಕಡೆಯಿಂದ ಕೆಲಸದ ಪತ್ರ, ನಲವತ್ತು ನಿಮಿಷದ ಅಂತರದಲ್ಲಿ. ನಾನು ಖುಷಿಪಟ್ಟದ್ದು ಆ ನಲವತ್ತು ನಿಮಿಷ ಮಾತ್ರ. ಎರಡನೆಯದು ಬಂದ ಮೇಲೆ ಆರಿಸಬೇಕಾಯಿತು.

ದೊಡ್ಡ ಕಂಪನಿಯದು ಜೆಟ್. ಎಪ್ಪತ್ತಾರು ಸೀಟು, ಐವತ್ತಕ್ಕೂ ಹೆಚ್ಚು ವಿಮಾನ, ನಾಲ್ಕು ನೆಲೆ. ಚಿಕ್ಕ ಕಂಪನಿಯದು ಪ್ರೊಪೆಲ್ಲರ್. ನಲವತ್ತೆಂಟು ಸೀಟು, ಒಟ್ಟು ಹನ್ನೊಂದು ವಿಮಾನ, ಒಂದೇ ನೆಲೆ. ಅದು ಬಂದರಿನ ಊರು, ಬಸ್ಸಿನಲ್ಲಿ ನಾಲ್ಕು ಗಂಟೆ. ದೊಡ್ಡದರ ನಾಲ್ಕು ನೆಲೆಗಳಲ್ಲಿ ಯಾವುದೂ ರೈಲಿನಲ್ಲಿ ಒಂಬತ್ತು ಗಂಟೆಗಿಂತ ಹತ್ತಿರವಿಲ್ಲ. ನೆಲೆ ಅಂದರೇನು ಅಂತ ಅತ್ತೆಗೆ ಮೂರು ಸಲ ವಿವರಿಸಿದೆ. ಪೈಲಟ್ಟಿನ ಕೆಲಸ ಶುರುವಾಗುವ ಊರು, ಮುಗಿಯುವ ಊರು. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವುದು ಅವರವರ ಪಾಡು.

ಎಲ್ಲ ಕೇಳಿಸಿಕೊಂಡು ಅತ್ತೆ ಅಂದದ್ದು, “ಎರಡ್ರಲ್ಲಿ ಯಾವ ವಿಮಾನಕ್ಕೆ ಬಾತ್‌ರೂಮ್ ಇದೆ?”

“ಎರಡಕ್ಕೂ ಇದೆ ಅತ್ತೆ.”

“ಹಾಗಾದ್ರೆ ಅದನ್ನ ಬಿಟ್ಟು ಬೇರೆ ಏನಾದ್ರೂ ನೋಡ್ಬೇಕು.”

ಇವನ, ಅಂದರೆ ನನ್ನ ಗಂಡನ, ಅಂಗಡಿಗೆ ಫೋನ್ ಮಾಡಿದೆ. ಕನ್ನಡಕದ ಅಂಗಡಿ, ಹಿಂದೆ ಲೆನ್ಸ್ ಉಜ್ಜುವ ಯಂತ್ರದ ಸದ್ದು. “ಒಳ್ಳೇದಾಯ್ತು” ಅಂದ. ಯಾವುದಕ್ಕೆ ಸೇರಲಿ ಅಂದೆ. “ನಿನ್ನಿಷ್ಟ” ಅಂದ.

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದವಳು ಕೆಲಸ ಬಿಟ್ಟು ಹಾರಲು ಕಲಿತೆ. ಕಲಿತ ಮೇಲೆ ಹಾರಾಟದ ಗಂಟೆ ಕೂಡಿಸಲು ಎರಡು ವರ್ಷ ಬೇರೆಯವರಿಗೆ ಹಾರುವುದು ಕಲಿಸಿದೆ. ಒಟ್ಟು ಸಾವಿರದ ಐನೂರ ನಲವತ್ತು ಗಂಟೆ. ಇಷ್ಟೆಲ್ಲ ಆಗಿದ್ದು ಈ ‘ನಿನ್ನಿಷ್ಟ’ ಕೇಳುವುದಕ್ಕಾ?

ದೊಡ್ಡದಕ್ಕೆ ಹದಿನೆಂಟರ ಸಂಜೆಯೊಳಗೆ ಉತ್ತರ ಬೇಕು. ಚಿಕ್ಕದಕ್ಕೆ ಇಪ್ಪತ್ತರೊಳಗೆ.

ಮಾರ್ಚ್ ೫, ಮಂಗಳವಾರ

ಇವತ್ತು ‘ನಿನ್ನಿಷ್ಟ’ ಐದು ಸಲ. ಒಂದು ಸಲ ನಾನು ಕೇಳಿದ್ದು ಕಿಟಕಿ ಮುಚ್ಚಲಾ ಅಂತ.

ಮಾರ್ಚ್ ೭, ಗುರುವಾರ

ನಮ್ಮ ಹಾರಾಟದ ಶಾಲೆಯ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಅವರಿಗೆ ವಿಷಯ ಹೇಳಿದೆ. ಹೇಳಬಾರದಿತ್ತು.

“ಇದ್ರಲ್ಲಿ ಯೋಚನೆ ಮಾಡೋದೇನಿದೆ?” ಅಂದರು. “ಜೆಟ್ ಬಿಟ್ಟು ಫ್ಯಾನ್ ಹಿಡ್ಕೊಂಡು ಹೋಗ್ತೀಯಾ? ಸೀನಿಯಾರಿಟಿ ನಂಬರ್ ಲೆಕ್ಕ ಸೇರಿದ ದಿನದಿಂದ. ಯಾವ ನೆಲೆ, ಯಾವ ರಜ, ಯಾವತ್ತು ಕ್ಯಾಪ್ಟನ್, ಎಲ್ಲಾ ಆ ನಂಬರೇ. ನೀನಿಲ್ಲಿ ತಲೆ ಕೆರ್ಕೊಳ್ಳೋ ಒಂದೊಂದು ದಿನಕ್ಕೂ ನಿನ್ನ ಮುಂದೆ ನಾಲ್ಕು ಜನ ಹೋಗಿ ನಿಲ್ತಾರೆ.”

ಮಧ್ಯಾಹ್ನ ಕಾಲರ್ ಬಂದ. ನನ್ನ ಜೊತೆಗೇ ಕಲಿತವನು, ಎಂಟು ತಿಂಗಳಿಂದ ದೊಡ್ಡ ಕಂಪನಿಯಲ್ಲಿದ್ದಾನೆ. ಸದಾ ಕಾಲರ್ ಎತ್ತಿಕೊಂಡಿರುತ್ತಾನೆಂದು ಆ ಹೆಸರು. ಸೆಕೆಯಲ್ಲೂ ಕಂಪನಿಯ ಜಾಕೆಟ್ ಹಾಕಿಕೊಂಡು ಬಂದಿದ್ದ. ವಿದ್ಯಾರ್ಥಿಗಳೆಲ್ಲ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ಕೇಳಿದರು. ಅವರೆಲ್ಲ ಹೋದ ಮೇಲೆ ನಾನು ಕೇಳಿದೆ, “ಎಲ್ಲಿರ್ತೀಯ?”

“ಏರ್‌ಪೋರ್ಟ್ ಹತ್ರಾನೇ ಒಂದು ರೂಮು. ಆರು ಜನ. ಮೂರು ಮಂಚ.”

“ಮೂರೇ?”

“ಆರೂ ಜನ ಒಟ್ಟಿಗೆ ಯಾವತ್ತೂ ಇರಲ್ವಲ್ಲ. ಹೊಸಬರಿಗೆ ಕಾಯೋ ಡ್ಯೂಟಿನೇ ಜಾಸ್ತಿ. ಫೋನ್ ಬಂದ ಎರಡು ಗಂಟೆಯೊಳಗೆ ಯೂನಿಫಾರ್ಮ್ ಹಾಕ್ಕೊಂಡು ಕೌಂಟರ್ ಮುಂದೆ ನಿಂತಿರ್ಬೇಕು. ಅದಕ್ಕೇ ದೂರ ಎಲ್ಲೂ ಹೋಗೋ ಹಾಗಿಲ್ಲ.”

“ಮತ್ತೆ ಮನೆಗೆ?”

“ಬರ್ತೀನಲ್ಲ. ಈಗ ಬಂದಿದ್ದೀನಲ್ಲ” ಅಂದ. ಆಮೇಲೆ ಜೆಟ್ಟಿನ ಏರುವ ವೇಗ ಹೇಳುತ್ತ ಹೇಳುತ್ತ, ಮಾತು ಅರ್ಧಕ್ಕೇ ಬಿಟ್ಟು, ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದ. ಬಾಯಿ ತೆರೆದಿತ್ತು. ಕಾಲರ್ ಮಾತ್ರ ನೆಟ್ಟಗೆ ನಿಂತಿತ್ತು.

ಆದರೂ ಜೆಟ್ ಜೆಟ್ಟೇ. ನಾಲ್ಕು ವರ್ಷದಲ್ಲಿ ಕ್ಯಾಪ್ಟನ್. ನನಗೀಗ ಮೂವತ್ತನಾಲ್ಕು, ಸುಮ್ಮನೆ ಕಳೆಯಲು ವರ್ಷಗಳಿಲ್ಲ.

ಮಾರ್ಚ್ ೯, ಶನಿವಾರ

ದೊಡ್ಡ ಕಂಪನಿಯ ಆಫೀಸಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ, ಜೇನಿನಂಥ ದನಿ.

“ನನಗೆ ನೆಲೆ ಯಾವುದು ಅಂತ ಈಗಲೇ ಹೇಳೋಕಾಗುತ್ತಾ?”

“ತರಬೇತಿಯ ಕೊನೇ ದಿನ ತಿಳಿಸ್ತೀವಿ ಮೇಡಂ.”

“ನಮ್ಮೂರಲ್ಲಿ ಹೊಸ ನೆಲೆ ತೆರೀತೀರಂತೆ, ಹೌದಾ?”

“ಹೌದು ಮೇಡಂ, ಆ ನಿಟ್ಟಿನಲ್ಲಿ ಚಿಂತನೆ ಇದೆ.”

“ಈ ವರ್ಷವೇ?”

“ಆಗ್ಬಹುದು ಮೇಡಂ.”

ನಾನು ಫೋನಿಟ್ಟದ್ದೇ ತಡ, ಅಲ್ಲೇ ಕೂತು ಮಗಳ ಪೆನ್ಸಿಲ್ ಚೂಪು ಮಾಡುತ್ತಿದ್ದ ಅತ್ತೆ ಬಾಯಿ ಬಿಟ್ಟರು. “ಹೀಗೆ ಕೇಳಿದ್ರೆ ಯಾರು ತಾನೇ ಏನು ಹೇಳ್ತಾರೆ? ‘ಹೌದು’ ಅಂದು ಮುಗಿಸಿಬಿಡಬಹುದಾದ ಪ್ರಶ್ನೆ ಕೇಳ್ಬಾರ್ದು. ಎಷ್ಟು, ಯಾರು, ಯಾವಾಗ, ಹಾಗೆ ಕೇಳ್ಬೇಕು. ಆಗ ಅವ್ರು ಲೆಕ್ಕ ಕೊಡ್ಬೇಕಾಗುತ್ತೆ, ಇಲ್ಲಾಂದ್ರೆ ಸುಮ್ಮನಾಗ್ಬೇಕಾಗುತ್ತೆ. ಸುಮ್ಮನಾದ್ರೆ ಅದೂ ಒಂದು ಉತ್ತರವೇ.”

ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತೆಲ್ಲ ಕೇಳಿಸಿಕೊಂಡು ಅದಕ್ಕೆ ಸಂಬಳವನ್ನೂ ಪಡೆದವರು. ಈಗ ಪಿಂಚಣಿ ಪಡೆದು ನನ್ನದನ್ನು ಕೇಳಿಸಿಕೊಳ್ಳುತ್ತಿದ್ದಾರೆ.

“ಅತ್ತೆ, ಇದು ನನ್ನ ಕೆಲಸ. ನಾನು ನೋಡ್ಕೋತೀನಿ.”

“ನೋಡ್ಕೋ. ಬೇಡ ಅಂದೆನಾ?” ಅಂದು ಇನ್ನೊಂದು ಪೆನ್ಸಿಲ್ ತೆಗೆದುಕೊಂಡರು. ಚೂಪು ಮಾಡಿ ಮಾಡಿ ಈ ಮನೆಯಲ್ಲಿ ಒಂದು ಪೆನ್ಸಿಲ್ಲೂ ಬೆರಳಿಗಿಂತ ಉದ್ದ ಉಳಿದಿಲ್ಲ.

ಮಾರ್ಚ್ ೧೨, ಮಂಗಳವಾರ

ಬಂದರಿನ ಊರಿನಿಂದ ವಾಪಸು ಬರುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯನ್ನು ಬೈಯಬೇಕು.

ಚಿಕ್ಕ ಕಂಪನಿಯವರು, ಬೇಕಾದರೆ ಬಂದು ನೋಡಿ ಹೋಗಿ ಅಂದಿದ್ದರು. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಅತ್ತೆ ಕೈಚೀಲ, ಕೊಡೆ, ಫ್ಲಾಸ್ಕು ಸಮೇತ ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ಮಧ್ಯಾಹ್ನ ಶಾಲೆಯಿಂದ ಕರೆದುಕೊಂಡು ಬರಲು ಪಕ್ಕದ ಮನೆಯವರಿಗೆ ಹೇಳಿಯೂ ಆಗಿತ್ತಂತೆ. ನನ್ನನ್ನು ಕೇಳಿಲ್ಲ, ಇವನನ್ನೂ ಕೇಳಿಲ್ಲ. ಕೆಲಸಕ್ಕೆ ಸೇರುವವಳು ಅತ್ತೆಯನ್ನು ಕಟ್ಟಿಕೊಂಡು ಹೋದರೆ ಹೇಗಿರುತ್ತದೆ? ಬಸ್ಸಿನಲ್ಲಿ ಮೊದಲ ಒಂದು ಗಂಟೆ ನಾನು ಮಾತೇ ಆಡಲಿಲ್ಲ. ಅವರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ, ಹಿಂದಿನ ಸೀಟಿನವರ ಜೊತೆ ಮಾತಾಡಿಕೊಂಡು ಬಂದರು.

ವಿಮಾನ ನಿಲ್ದಾಣ ಅಂದರೆ ಒಂದೇ ಅಂತಸ್ತಿನ ಕಟ್ಟಡ. ಗೋಡೆಯ ಬಣ್ಣವನ್ನು ಉಪ್ಪುಗಾಳಿ ತಿಂದುಹಾಕಿದೆ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಒಂದೇ ಸಮನೆ ಅಡ್ಡಡ್ಡ ಹೊಡೆದುಕೊಳ್ಳುತ್ತಿತ್ತು. ಸಿಬ್ಬಂದಿ ಕೋಣೆಯಲ್ಲಿ ನಡು ಕುಸಿದ ಸೋಫಾ, ಹಿಡಿಕೆಗೆ ಟೇಪು ಸುತ್ತಿದ ಕೆಟಲ್ಲು. ಇದನ್ನು ನೋಡಲು ನಾಲ್ಕು ಗಂಟೆ ಬಂದೆನಾ ಅನ್ನಿಸಿತು.

ಮುಖ್ಯ ಪೈಲಟ್ ಐವತ್ತು ದಾಟಿದ ದಪ್ಪ ಮನುಷ್ಯ, ಅಂಗಿಯ ತೋಳಿಗೆ ಗ್ರೀಸು. ನನ್ನನ್ನು ವಿಮಾನದೊಳಗೆ ಕೂರಿಸಿದರು. ಥ್ರಾಟಲ್ಲಿನ ಹಿಡಿಯಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿತ್ತು, ಸಾವಿರಾರು ಅಂಗೈಗಳು ಸವೆಸಿದ್ದು. “ಇಲ್ಲಿ ಗಾಳಿ ದಿನಾ ಜಗಳಕ್ಕೆ ಬರುತ್ತೆ. ದಿನಕ್ಕೆ ಆರು ಸಲ ಇಳಿಸ್ಬೇಕು. ಒಂದು ವರ್ಷ ಇದ್ರೆ ಆಮೇಲೆ ಜಗತ್ತಿನಲ್ಲಿ ಎಲ್ಲಿ ಬೇಕಾದ್ರೂ ಇಳಿಸ್ತೀಯ” ಅಂದರು. ನಲವತ್ತು ನಿಮಿಷ ಮಾತಾಡಿದೆವು. ಬೇಕಾದ್ದೆಲ್ಲ ಕೇಳಿ ತಿಳಿದುಕೊಂಡೆ ಅಂದುಕೊಂಡೇ ಇಳಿದೆ.

ಕೆಳಗೆ ಬಂದು ನೋಡಿದರೆ, ಡ್ಯೂಟಿ ಪಟ್ಟಿ ತಯಾರಿಸುವ ಗುಮಾಸ್ತ ತನ್ನ ಕುರ್ಚಿಯನ್ನು ಅತ್ತೆಗೆ ಬಿಟ್ಟುಕೊಟ್ಟು ತಾನು ನಿಂತುಕೊಂಡು ಚಹಾ ಕುಡಿಯುತ್ತಿದ್ದ. ಅವನ ಬೆನ್ನುನೋವಿನ ಕಥೆ ಮುಗಿದು ಇನ್ನೇನೋ ನಡೆದಿತ್ತು. ಬಸ್ಸು ಹತ್ತಿದ ಮೇಲೆ ಅತ್ತೆ ಒಂದೊಂದಾಗಿ ಹೇಳಿದರು. ಕಳೆದ ಚಳಿಗಾಲದಲ್ಲಿ ಗಾಳಿಗೆ ಒಂಬತ್ತು ದಿನ ನಿಲ್ದಾಣ ಮುಚ್ಚಿತ್ತು. ಹೋದ ತಿಂಗಳು ಇಬ್ಬರು ಕ್ಯಾಪ್ಟನ್‌ಗಳು ಬಿಟ್ಟು ಹೋದರು, ಒಬ್ಬನಿಗೆ ಊರು ಬೇಜಾರು, ಇನ್ನೊಬ್ಬನಿಗೆ ಮುಖ್ಯ ಪೈಲಟ್ ಬೇಜಾರು. ಕ್ಯಾಪ್ಟನ್ ಆಗಲು ಏಳು ವರ್ಷವಾದರೂ ಬೇಕು. ಕಾಯುವ ಡ್ಯೂಟಿ ತಿಂಗಳಿಗೆ ನಾಲ್ಕೇ ದಿನ. ಮುಂದಿನ ತಿಂಗಳ ಪಟ್ಟಿ ಈ ತಿಂಗಳ ಇಪ್ಪತ್ತಕ್ಕೆ ಗೋಡೆಗೆ ಬೀಳುತ್ತದೆ.

“ಬದಲಾಯಿಸ್ತಾರಂತಾ?” ಅಂದೆ.

“ಬದಲಾಯಿಸಿದ್ರೆ ಅವನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಬೈಸ್ಕೋಬೇಕಂತೆ. ಅದಕ್ಕೇ ಬದಲಾಯಿಸೋಕೆ ಹೋಗಲ್ಲ ಅಂದ. ಹೋದ ವರ್ಷ ಎಷ್ಟು ಸಲ ಅಂತ ಕೇಳಿದೆ. ಆರು ಸಲ ಅಂದ.”

ಇದನ್ನೇ ನಾನು ಮೂರು ಮೇಲ್ ಬರೆದು ಕೇಳಿದ್ದೆ. ಬಂದ ಉತ್ತರ ‘ನಮ್ಮ ನಿಯಮಗಳ ಪ್ರಕಾರ’. ಮೈ ಉರಿಯುತ್ತದೆ.

ಈಗ ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾರೆ. ಭುಜ ಜೋಮು ಹಿಡಿದು ಒಂದು ಗಂಟೆಯಾಯಿತು. ಅಲುಗಾಡಿದರೆ ಎದ್ದುಬಿಡುತ್ತಾರೆ, ಎದ್ದರೆ ಮಾತಾಡುತ್ತಾರೆ. ಹೀಗೇ ಇರಲಿ.

ಮಾರ್ಚ್ ೧೩, ಬುಧವಾರ

ನಿನ್ನೆ ಮನೆಗೆ ಬರುವಾಗ ಇವನು ಅಂಗಡಿ ಬೇಗ ಮುಚ್ಚಿ ಬಂದು ಮಗಳ ಜೊತೆ ಕೂತಿದ್ದ. ಅತ್ತೆಯ ಕೈಚೀಲ ನೋಡಿದ. “ನೀನೂ ಹೋಗಿದ್ಯಾ?” ಅಂದ. ನನ್ನನ್ನಲ್ಲ, ಅವನ ಅಮ್ಮನನ್ನು. “ಹೋಗಿದ್ದೆ” ಅಂದರು. “ಹೇಗೆ ಹೋಗೋದು ಅಂತ ಕಲಿಸೋಕಾ?” ಅಂದವನೇ ಎದ್ದು ಹೋದ.

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆಯನ್ನು ಕೇಳಿದರೆ ಫ್ಲಾಸ್ಕು ತೊಳೆಯಲು ಹೋದರು. ಬಾಯಿ ಮುಚ್ಚದವರು ಆಗಲೇ ಮುಚ್ಚಬೇಕಿತ್ತೇ. ಇನ್ನು ಐದು ದಿನವಿದೆ. ಜೆಟ್ಟಾ ಪ್ರೊಪೆಲ್ಲರಾ ಎಂದು ಯೋಚಿಸಬೇಕಾದವಳು ಈ ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎಂದು ಯೋಚಿಸುತ್ತ ಕೂತಿದ್ದೇನೆ.

ಮಾರ್ಚ್ ೧೫, ಶುಕ್ರವಾರ

ಮಧ್ಯಾಹ್ನ ಅಂಗಡಿಗೇ ಹೋದೆ. ಮನೆಯಲ್ಲಾದರೆ ಎದ್ದು ಹೋಗುತ್ತಾನೆ. ಅಂಗಡಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಗಾಜಿನ ಮೇಜಿನ ಹಿಂದೆ ಒಂದು ಫ್ರೇಮಿನ ಕಾಲು ಬಿಸಿ ಮಾಡಿ ಬಗ್ಗಿಸುತ್ತಿದ್ದ.

“ಇನ್ನೊಂದು ಸಲ ನಿನ್ನಿಷ್ಟ ಅಂದ್ರೆ ಈ ಕನ್ನಡಕ ಎಲ್ಲಾ ಬೀದಿಗೆಸೀತೀನಿ” ಅಂದೆ. ಹೆದರಿಸಲು ಹೇಳಿದ್ದಲ್ಲ, ನಿಜವಾಗಿಯೂ ಎಸೆಯುವ ಮನಸ್ಸಿತ್ತು.

ಅವನು ತಲೆ ಎತ್ತಲಿಲ್ಲ. ಫ್ರೇಮಿಗೇ ಹೇಳುವವನ ಹಾಗೆ ಹೇಳಿದ.

“ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ನಂಗೆ ಆರು. ಅಮ್ಮಂಗೆ ಬಡ್ತಿ ಬಂತು, ಬೆಟ್ಟದ ಮೇಲಿನ ಎಕ್ಸ್‌ಚೇಂಜಿಗೆ. ನನ್ನನ್ನ ದೊಡ್ಡಮ್ಮನ ಮನೇಲಿ ಬಿಟ್ಟು ಹೋದ್ಲು. ಹದಿನಾಲ್ಕು ತಿಂಗಳು. ಪ್ರತೀ ಸಲ ಶನಿವಾರ ಬರ್ತೀನಿ ಅನ್ನೋಳು. ನಾನು ಬೆಳಿಗ್ಗೆಯಿಂದ ಗೇಟ್ ಮೇಲೆ ಹತ್ತಿ ಕೂತಿರ್ತಿದ್ದೆ. ಹತ್ತು ಶನಿವಾರದಲ್ಲಿ ಮೂರು ಸಲ ಬಂದಿರ್ಬಹುದು.”

“ಹನ್ನೊಂದು ವರ್ಷ ಆಯ್ತು ಮದುವೆಯಾಗಿ. ಒಂದು ಸಲಾನೂ ಹೇಳಿಲ್ಲ ನೀನು.”

“ಹೇಳೋದೇನಿದೆ? ಬಂದ್ಲು, ಓದಿಸಿದ್ಲು, ಈ ಅಂಗಡಿ ಹಾಕಿಕೊಟ್ಲು. ಹೋಗ್ಬೇಡ ಅಂತ ನಿಂಗೆ ಹೇಳೋಕೆ ನಂಗೆ ಹಕ್ಕಿಲ್ಲ. ನೀನು ಎಷ್ಟು ಕಷ್ಟಪಟ್ಟಿದ್ದೀಯ ಅಂತ ನೋಡಿದ್ದೀನಿ. ಹೋಗು ಅನ್ನೋಕೆ ಬಾಯಿ ಬರಲ್ಲ. ನಮ್ಮ ಮಗಳಿಗೂ ಈಗ ಆರು. ಅದಕ್ಕೇ ನಿನ್ನಿಷ್ಟ ಅಂತೀನಿ, ಇನ್ನೇನು ಅನ್ಲಿ?”

ಅಷ್ಟರಲ್ಲಿ ಒಬ್ಬರು ಮುದುಕರು ಕನ್ನಡಕ ಇಸಿದುಕೊಳ್ಳಲು ಬಂದರು. ಇವನು ಅದನ್ನು ಒರೆಸಿ, ಅವರ ಕಿವಿಯ ಹಿಂದೆ ಎರಡೂ ಕೈಯಿಂದ ಕೂರಿಸಿ, ಓದಲು ಹಲಗೆ ತೋರಿಸಿದ. ಅವರು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದರು. ನಾನು ನಿಂತೇ ಇದ್ದೆ. ಸಿಟ್ಟು ಮಾಡಲು ಬಂದವಳು, ಯಾರ ಮೇಲೆ ಮಾಡಬೇಕೆಂದು ತಿಳಿಯದೆ ವಾಪಸು ಬಂದೆ. ಬರುವ ದಾರಿಯಲ್ಲಿ ಅತ್ತೆಯ ಮೇಲೆ ಎಂದು ತೀರ್ಮಾನಿಸಿದೆ.

ಮಾರ್ಚ್ ೧೬, ಶನಿವಾರ

ಅತ್ತೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಾನು ಹೋಗಿ ನೇರವಾಗಿ ಕೇಳಿದೆ, “ಆರು ವರ್ಷದ ಮಗೂನ ಬಿಟ್ಟು ಹೋಗಿದ್ರಂತೆ. ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ನನ್ನ ನೋಡಿ ತೀರ್ಮಾನ ಮಾಡ್ತಿದ್ದೆ. ವಿಮಾನ ನೋಡಿ ಮಾಡ್ಬೇಕಾದ್ದು.” ಒಂದು ಟವೆಲ್ಲಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ. “ನಂಗೂ ಆಗ ನಿನ್ನ ವಯಸ್ಸೇ. ಹೋಗದಿದ್ರೆ ಅದೇ ಕುರ್ಚಿ, ಅದೇ ಸಂಬಳ. ಹೋಗಿದ್ದು ತಪ್ಪು ಅಂತ ನಾನು ಹೇಳ್ಲಿ ಅಂತ ಅವನು ಮೂವತ್ತೆರಡು ವರ್ಷದಿಂದ ಕಾಯ್ತಿದ್ದಾನೆ. ಹೇಗೆ ಹೇಳ್ಲಿ? ತಪ್ಪಲ್ಲ ಅದು. ನಂಗೆ ಆ ಕೆಲಸ ಬೇಕಿತ್ತು. ಬರೀ ಸಂಬಳಕ್ಕಲ್ಲ, ನಂಗೇ ಬೇಕಿತ್ತು.”

“ಅವನು ಗೇಟ್ ಮೇಲೆ ಕೂತಿರ್ತಿದ್ನಂತೆ.”

“ಗೊತ್ತು. ಅಕ್ಕ ಹೇಳ್ತಿದ್ಲು.” ಬಟ್ಟೆ ಮಡಿಸುವ ಕೈ ನಿಂತಿತು. “ಅದೊಂದು ತಪ್ಪು ನಂದು. ಹೋಗಿದ್ದಲ್ಲ. ಶನಿವಾರ ಬರ್ತೀನಿ ಅಂದಿದ್ದು. ಯಾವ ವಾರ ಯಾವ ಪಾಳಿ ಬೀಳುತ್ತೆ ಅಂತ ನಂಗೇ ಗೊತ್ತಿರ್ತಿರ್ಲಿಲ್ಲ. ಅವನ ಮುಖ ನೋಡಿ ಗೊತ್ತಿಲ್ಲ ಅನ್ನೋಕೆ ಧೈರ್ಯ ಬರ್ತಿರ್ಲಿಲ್ಲ. ಸುಳ್ಳು ಹೇಳಿ ಬಸ್ ಹತ್ತೋದು ಸುಲಭ ಆಗಿತ್ತು. ಅವನು ಅಳೋದು ನಾನು ಹೋದ್ಮೇಲೆ ತಾನೇ.”

ಇಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಇಳಿದು ಹೋದರು. ಜಗಳಕ್ಕೆಂದು ನಾನು ತಯಾರು ಮಾಡಿಕೊಂಡು ಹೋಗಿದ್ದ ಮಾತೆಲ್ಲ ಹಾಗೇ ಉಳಿಯಿತು. ಇವರ ಹತ್ತಿರ ನೆಟ್ಟಗೆ ಜಗಳವಾಡಲೂ ಆಗುವುದಿಲ್ಲ.

ಮಾರ್ಚ್ ೧೭, ಭಾನುವಾರ

ತಲೆನೋವು. ಗಾಳಿ ಹದಿನೆಂಟು ನಾಟ್. ವಿದ್ಯಾರ್ಥಿಗಳು ಇಬ್ಬರೂ ರನ್‌ವೇ ಮೇಲೆ ಕಪ್ಪೆಯಂತೆ ಕುಪ್ಪಳಿಸಿದರು. ಅವರನ್ನು ಬೈದೆ. ಆಮೇಲೆ ಇಳಿಸಿದವಳು ನಾನು, ನಾನೂ ಕುಪ್ಪಳಿಸಿದೆ.

ಮಾರ್ಚ್ ೧೮, ಸೋಮವಾರ

ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡ ಕಂಪನಿಗೆ ಫೋನ್ ಮಾಡಿದೆ. ಅದೇ ಹುಡುಗಿ.

“ಹೋದ ವರ್ಷದ ಕೊನೇ ತಂಡದಲ್ಲಿ ಎಷ್ಟು ಜನ ಇದ್ರು?” ಅಂದೆ.

“ಹನ್ನೆರಡು ಜನ ಮೇಡಂ.”

“ಎಷ್ಟು ಜನಕ್ಕೆ ಕೇಳಿದ ನೆಲೆ ಸಿಕ್ತು?”

ಆ ಕಡೆ ಕಾಗದ ಸರಿದಾಡಿತು. “ಒಬ್ಬರಿಗೆ.”

“ಹೊಸಬರಿಗೆ ಮುಂದಿನ ತಿಂಗಳ ಡ್ಯೂಟಿ ಎಷ್ಟು ದಿನ ಮುಂಚೆ ತಿಳಿಯುತ್ತೆ?”

ಅವಳು ಕಾಗದ ಮಡಿಸಿಟ್ಟ ಸದ್ದು. ಆಮೇಲೆ ಜೇನು ಇಲ್ಲದ ದನಿಯಲ್ಲಿ ಅಂದಳು, “ಹೊಸಬರಿಗೆ ಹಾಗೆ ತಿಳಿಯಲ್ಲ ಮೇಡಂ. ಹಿಂದಿನ ಸಂಜೆ ಗೊತ್ತಾದ್ರೆ ಪುಣ್ಯ. ನಿಜ ಹೇಳ್ಬೇಕೂಂದ್ರೆ, ನಾನೂ ಈ ಊರು ಬೇಕು ಅಂತ ಕೇಳಿರ್ಲಿಲ್ಲ.”

ಅವಳಿಗೆ ಥ್ಯಾಂಕ್ಸ್ ಹೇಳಿ, ಬರುವುದಿಲ್ಲ ಅಂದೆ. ಹೇಳಿದ ಮೇಲೆ ಅರ್ಧ ಗಂಟೆ ಫೋನನ್ನೇ ನೋಡುತ್ತ ಕೂತೆ. ಎಪ್ಪತ್ತಾರು ಸೀಟಿನ ಜೆಟ್. ಎರಡು ವರ್ಷದಿಂದ ಫೋನಿನ ಪರದೆಯ ಮೇಲೆ ಇಟ್ಟುಕೊಂಡಿದ್ದ ಚಿತ್ರ ಅದೇ ವಿಮಾನದ್ದು. ಯಾರ ಬಲವಂತವೂ ಇರಲಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರನ್ನಾದರೂ ಬೈಯಬೇಕೆನಿಸಿದಾಗ ಓದಿಕೊಳ್ಳಲು. ಮಗಳು ಯಾವತ್ತು ಬರ್ತೀಯ ಎಂದು ಕೇಳಿದರೆ ಆ ಕಂಪನಿಯಲ್ಲಿದ್ದುಕೊಂಡು ನಾನು ಹೇಳಬಹುದಾದ ಉತ್ತರ ಒಂದೂ ನಿಜವಾಗಿರುವುದಿಲ್ಲ. ಅಷ್ಟೇ. ಏಳು ವರ್ಷವಾದರೆ ಆಗಲಿ.

ಚಿಕ್ಕ ಕಂಪನಿಯ ಪತ್ರಕ್ಕೆ ಸಹಿ ಹಾಕಿ ಕಳಿಸಿದೆ. ನೆಲೆ ಎನ್ನುವಲ್ಲಿ ಊರಿನ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು.

ಸಂಜೆ ಇವನಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದ. “ಯಾವ್ಯಾವ ದಿನ ಇಲ್ಲಿರ್ತೀಯ?” ಅಂದ.

ಪಟ್ಟಿ ಬೀಳುವವರೆಗೆ ನನಗೆ ಹೇಗೆ ಗೊತ್ತಿರಬೇಕು? ಎರಡು ವಾರ ಬಾಯಿ ಬಿಡದವನಿಗೆ ಈಗ ಎಲ್ಲವೂ ಒಂದೇ ಸಲಕ್ಕೆ ಬೇಕು.

ಮಾರ್ಚ್ ೧೯, ಮಂಗಳವಾರ

ಮೇಷ್ಟ್ರು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಹೋಗುವಾಗ ಆಫೀಸಿನ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ, “ಅಭ್ಯಾಸ ಆಗ್ಲಿ” ಅಂದು ಹೋದರು.

ಕಾಲರ್‌ಗೆ ಮೆಸೇಜು ಹಾಕಿದ್ದೆ. ‘ನಿಂಗೆ ಹುಚ್ಚು’ ಎಂದು ಬಂತು. ಹತ್ತು ನಿಮಿಷ ಬಿಟ್ಟು ಇನ್ನೊಂದು: ‘ಅಲ್ಲಿ ಇನ್ನೂ ಜನ ಬೇಕಂತಾ?’

ಮಾರ್ಚ್ ೨೧, ಗುರುವಾರ

ಮಗಳಿಗೆ ಹೇಳಿದೆ. ಹೇಗೆ ಹೇಳಲಿ ಎಂದು ಬೆಳಿಗ್ಗೆಯೇ ಅತ್ತೆಯನ್ನು ಕೇಳಿದ್ದೆ. ‘ತಾರೀಕು ಹೇಳು, ಸಕ್ಕರೆ ಸವರ್ಬೇಡ’ ಅಂದಿದ್ದರು.

ಶಾಲೆಯ ಚೀಲ ಇಳಿಸಿ ಕೂತಿದ್ದಳು. “ನಾನು ವಿಮಾನದ ಕೆಲಸಕ್ಕೆ ಬಂದರಿನ ಊರಿಗೆ ಹೋಗ್ತೀನಿ. ಮೊದಲ ಆರು ವಾರ ಪಾಠ. ಆರು ವಾರದಲ್ಲಿ ಒಂದೇ ಸಲ ಮನೆಗೆ ಬರ್ತೀನಿ. ಏಪ್ರಿಲ್ ಇಪ್ಪತ್ತೆಂಟು, ಭಾನುವಾರ.”

“ಅದಕ್ಕಿಂತ ಮುಂಚೆ?”

“ಬರಲ್ಲ.”

“ಒಂದಿನ?”

“ಇಲ್ಲ.”

“ನಂಗೆ ಜ್ವರ ಬಂದ್ರೆ?”

ಬರ್ತೀನಿ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. “ಅಪ್ಪ ಇರ್ತಾರೆ, ಅಜ್ಜಿ ಇರ್ತಾರೆ. ನಾನು ಫೋನಿನಲ್ಲಿ ಇರ್ತೀನಿ. ಬರೋಕಾಗುತ್ತೋ ಇಲ್ವೋ ಗೊತ್ತಿಲ್ಲ.”

ಇಪ್ಪತ್ತು ನಿಮಿಷ ಅತ್ತಳು. ನೆಲದ ಮೇಲೆ ಮಲಗಿ, ಕಾಲು ಬಡಿದು, ನನ್ನ ಬೆನ್ನಿಗೆ ಗುದ್ದಿ. ಇವನು ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಅತ್ತೆ ಕುರ್ಚಿಯಲ್ಲಿ ಕಲ್ಲಿನಂತೆ ಕೂತಿದ್ದರು. ಏನಾದರೂ ಮಾತಾಡಿ ಅತ್ತೆ ಅಂತ ನನಗೆ ಅನ್ನಿಸಿದ್ದು ಇದೇ ಮೊದಲು. ಬೇಕಾದಾಗ ಮಾತ್ರ ಇವರಿಗೆ ಮಾತು ಬರುವುದಿಲ್ಲ.

ಅತ್ತು ಮುಗಿದ ಮೇಲೆ ಮಗಳು ಮೂಗು ಒರೆಸಿಕೊಂಡು ಎದ್ದಳು. “ಹಾಗಾದ್ರೆ ನೀನು ಮಲಗೋ ಕಡೆ ನಾನು ಮಲಗ್ಬಹುದಾ?” ಅಂದಳು. ಮಲಗಬಹುದು ಅಂದೆ. ಕೂಡಲೇ ಹೋಗಿ ನನ್ನ ದಿಂಬು ತೆಗೆದು ಕೆಳಗೆ ಹಾಕಿದಳು. ನಾನು ಹೋಗಲು ಇನ್ನೂ ಎರಡು ವಾರವಿದೆ.

ಏಪ್ರಿಲ್ ೭, ಭಾನುವಾರ

ಬಂದರಿನ ಊರು. ಹಗ್ಗ ಮಾರುವ ಅಂಗಡಿಯ ಮೇಲೆ ಒಂದು ಕೋಣೆ. ಒಂದೇ ಕಿಟಕಿ, ಗಾಜಿನ ಮೇಲೆ ಉಪ್ಪಿನ ಪೊರೆ. ನಾಳೆ ಬೆಳಿಗ್ಗೆ ಆರಕ್ಕೆ ತರಗತಿ, ಮುನ್ನೂರು ಪುಟದ ಪುಸ್ತಕ ಓದಿ ಬರಬೇಕು, ನಾನಿನ್ನೂ ನಲವತ್ತರಲ್ಲಿದ್ದೇನೆ. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ನೂರಾದರೂ ದಾಟುತ್ತಿತ್ತು. ಆದರೆ ಇವನು ಯಾರದೋ ವ್ಯಾನು ತಂದ. ಅದರಲ್ಲಿ ಮಂಚ, ಮಂಚದ ಜೊತೆ ಮಗಳು, ಮಗಳ ಜೊತೆ ಅತ್ತೆ.

ಮಂಚ ಬಿಡಿಬಿಡಿಯಾಗಿ ಡಬ್ಬದಲ್ಲಿ ಬಂದದ್ದು, ನಾವೇ ಜೋಡಿಸಿಕೊಳ್ಳಬೇಕು. ಮಗಳು ಕಿಟಕಿಯಲ್ಲಿ ಹಡಗು ಎಣಿಸುತ್ತ ನಿಂತಳು. ನಾನು ಪುಸ್ತಕ ಹಿಡಿದುಕೊಂಡು ಗೋಡೆಗೊರಗಿದೆ. ಇವನು ಮಂಚದ ಈ ಕಡೆ, ಅತ್ತೆ ಆ ಕಡೆ. ಮೊದಲ ಅರ್ಧ ಗಂಟೆ “ಹಿಡ್ಕೋ”, “ಬಿಡು”, “ಅದಲ್ಲ, ಉದ್ದದ್ದು” ಅಷ್ಟೇ.

ಆಮೇಲೆ ಇವನು ಸ್ಕ್ರೂ ತಿರುಗಿಸುತ್ತಲೇ, ತಲೆ ಎತ್ತದೆ ಕೇಳಿದ, “ಬೆಟ್ಟದ ಮೇಲೆ ನಿನ್ನ ರೂಮು ಹೇಗಿತ್ತು?”

ಅತ್ತೆ ಕೋಣೆಯನ್ನೊಮ್ಮೆ ಸುತ್ತ ನೋಡಿದರು. “ಇದಕ್ಕಿಂತ ಚಿಕ್ಕದು. ಕಿಟಕಿ ತೆರೆದ್ರೆ ನೀರಿನ ಟ್ಯಾಂಕು. ಗೋಡೆ ಎಲ್ಲಾ ತೇವ.”

“ಕೆಲಸ ಮುಗಿದ್ಮೇಲೆ ಏನ್ ಮಾಡ್ತಿದ್ದೆ?”

“ಮೊದಲ ತಿಂಗಳು ಅಳ್ತಿದ್ದೆ.”

“ಆಮೇಲೆ?”

“ಆಮೇಲೆ ಚೆನ್ನಾಗಿ ನಿದ್ದೆ ಬರ್ತಿತ್ತು.”

ಇವನ ಕೈ ನಿಂತಿತು. “ಚೆನ್ನಾಗಿ?”

“ತುಂಬಾ ಚೆನ್ನಾಗಿ. ಹಾಗೆ ಯಾವತ್ತೂ ಮಲಗಿರ್ಲಿಲ್ಲ ನಾನು. ಸುಳ್ಳು ಹೇಳ್ಲಾ?”

ನಾನು ಪುಸ್ತಕದ ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ.

“ಬೇಡ” ಅಂದ ಇವನು. ಇನ್ನೊಂದು ಸ್ಕ್ರೂ ಬಿಗಿಸಿದ ಮೇಲೆ, “ಆ ತುದಿ ಎತ್ತಿ ಹಿಡಿ ಅಮ್ಮ, ನಿಂಗೆ ಭಾರ ಆಗುತ್ತೆ, ಮೊಣಕಾಲಿನ ಮೇಲೆ ಇಟ್ಕೋ. ಅಲ್ಲಿ ಊಟಕ್ಕೆ ಏನ್ ಮಾಡ್ತಿದ್ದೆ?”

ಆಮೇಲೆ ಒಂದಾದ ಮೇಲೊಂದು. ಅಲ್ಲಿ ಎಷ್ಟು ಚಳಿ, ಜೊತೆಗೆ ಯಾರಿದ್ದರು, ಬಸ್ಸು ಎಲ್ಲಿ ಹತ್ತುತ್ತಿದ್ದೆ. ಅತ್ತೆ ಎಲ್ಲಕ್ಕೂ ಉತ್ತರ ಕೊಟ್ಟರು. ಮಾತಿನ ಭರದಲ್ಲಿ ತಲೆಯ ಹಲಗೆಯನ್ನು ಕಾಲಿನ ಕಡೆಗೆ ಕೂರಿಸಿದ್ದಾರೆ. ಕೊನೆಗೆ ಗಮನಕ್ಕೆ ಬಂದಾಗ ಎಲ್ಲ ಮತ್ತೆ ಬಿಚ್ಚಬೇಕಾಯಿತು. ನಾಲ್ಕು ಗಂಟೆಗೆ ಊರಿಗೆ ಹೊರಡುತ್ತೇವೆ ಅಂದವರು, ಈಗ ಐದೂ ಕಾಲು. ಸ್ಕ್ರೂಗಳೆಲ್ಲ ನೆಲದ ಮೇಲೆ ಚೆಲ್ಲಾಡಿವೆ, ತಾಯಿ ಮಗ ಇಬ್ಬರೂ ಅವುಗಳ ನಡುವೆ ಕಾಲು ಚಾಚಿ ಕೂತಿದ್ದಾರೆ, ಮಗಳು ಅಜ್ಜಿಯ ತೊಡೆ ಏರಿದ್ದಾಳೆ. ನನಗೆ ಕೂರಲು ಜಾಗವಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೇಗ ಮುಗಿಸಿ ಅನ್ನಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ಬಾಗಿಲವರೆಗೆ ಹೋಗಿ, ಬಂದು ಕೂತೆ.